ಹತ್ತಿಯ ಊರಿಗೆ ಬೆಂಕಿಯ ಕಾವಲು

ಧಾರವಾಡ ಕೋಟೆಯ ಕಂದಕದಲ್ಲಿ 1791ರ ಫೆಬ್ರವರಿ 7ರಂದು ಒಂದು ವಿಚಿತ್ರ ಕಾಳಗ ನಡೆಯಿತು. ಕೋಟೆಯೊಳಗೆ ಟಿಪ್ಪು ಸುಲ್ತಾನನ ಸರದಾರ ಬದ್ರುಜ್ಜಮಾನ್ ಖಾನ್. ಹೊರಗೆ ಪರಶುರಾಮ ಭಾವು ಪಟವರ್ಧನನ ಮರಾಠಾ ದಂಡು, ಅದರ ಜೊತೆಗೆ ಮುಂಬಯಿಯಿಂದ ಬಂದ ಕಂಪನಿ ಸರಕಾರದ ಪಡೆ. ಹಿಂದಿನ ವರ್ಷದ ಸೆಪ್ಟೆಂಬರಿನಿಂದ ಮುತ್ತಿಗೆ ಸಾಗಿತ್ತು. ಕಂದಕ ದಾಟಲು ಕಂಪನಿಯ ಸಿಪಾಯಿಗಳು ಟೊಂಗೆ, ಕಟ್ಟಿಗೆಯ ಹೊರೆಗಳನ್ನು ಅದರೊಳಗೆ ತುಂಬಿದರು. ಗೋಡೆಯ ಮೇಲಿದ್ದವರು ಆ ಹೊರೆಗಳಿಗೆ ಬೆಂಕಿ ಇಟ್ಟರು. ಕೆಳಗಿನವರು ಆರಿಸಲು ನುಗ್ಗಿದರು, ಮೇಲಿನವರು ಮತ್ತೆ ಹಚ್ಚಿದರು. ಎರಡೂ ಕಡೆಯವರು ತಮ್ಮ ತಮ್ಮ ಕೆಲಸವನ್ನು ಸಮಾನ ಹುರುಪಿನಿಂದ ಮಾಡಿದರೆಂದು ಆ ಯುದ್ಧದ ವೃತ್ತಾಂತ ಬರೆದವರು ಹೇಳುತ್ತಾರೆ. ಕೊನೆಗೆ ಹೊರೆಗಳು ಸುಟ್ಟು ಬೂದಿಯಾದವು, ಕಂಪನಿಯ ಪಡೆ ಹಿಂದೆ ಸರಿಯಿತು. ಆ ದಾಳಿಯ ನಾಯಕ ಕರ್ನಲ್ ಫ್ರೆಡರಿಕ್ ಮುಂದಿನ ತಿಂಗಳೇ ತೀರಿಕೊಂಡ. ಕೋಟೆ ಶರಣಾಗಲು ಏಪ್ರಿಲ್ ಬರಬೇಕಾಯಿತು.

ಈ ಸೀಮೆಯಲ್ಲಿ ಮನುಷ್ಯರು ಸಾಲಾಗಿ ನಿಂತು ಬೆಂಕಿಯನ್ನು ಎದುರಿಸಿದ ಕತೆಯನ್ನು ಅಲ್ಲಿಂದಲೇ ಶುರುಮಾಡಬೇಕೆಂದು ನನಗೆ ಅನಿಸುತ್ತದೆ. ಅಂದು ಕಂದಕದಲ್ಲಿ ಇದ್ದ ಕೊರತೆಯೇ ಮುಂದಿನ ಇನ್ನೂರು ವರ್ಷ ಹುಬ್ಬಳ್ಳಿ-ಧಾರವಾಡವನ್ನು ಕಾಡಿತು. ಜನರಿಗೆ ಧೈರ್ಯ ಎಂದೂ ಕಡಿಮೆ ಬೀಳಲಿಲ್ಲ. ಕಡಿಮೆ ಬಿದ್ದದ್ದು ನೀರು.

ಹಳೆಯ ಕಾಲದಲ್ಲಿ ಈ ಭಾಗದ ಊರುಗಳನ್ನು ಬೆಂಕಿಯಿಂದ ಕಾಯ್ದದ್ದು ಮೊದಲಿಗೆ ಮಣ್ಣು. ಧಾರವಾಡದ ಪೂರ್ವಕ್ಕೆ, ನವಲಗುಂದ, ಕುಂದಗೋಳದ ಕಡೆ, ಎರೆಭೂಮಿಯ ಮನೆಗಳಿಗೆ ದಪ್ಪ ಗೋಡೆ, ಮೇಲೆ ಮಣ್ಣಿನ ಮೇಲ್ಮುದ್ದೆ. ಒಳಗಿನ ತೊಲೆ, ಜಂತಿ ಕಟ್ಟಿಗೆಯದಾದರೂ ಮನೆಯಿಂದ ಮನೆಗೆ ಉರಿ ಹಾರುವುದಕ್ಕೆ ಆ ಮಣ್ಣು ಬಿಡುತ್ತಿರಲಿಲ್ಲ. ಪಶ್ಚಿಮಕ್ಕೆ, ಕಲಘಟಗಿಯ ಮಳೆ ಸೆರಗಿನಲ್ಲಿ, ಹುಲ್ಲಿನ ಮಾಡುಗಳಿದ್ದವು. ಅಲ್ಲಿ ಒಂದು ಕಿಡಿ ಸಾಕಾಗುತ್ತಿತ್ತು. ಎರಡೂ ಕಡೆ ಸಮಾನವಾಗಿ ಹೆದರಿಕೆ ಹುಟ್ಟಿಸುತ್ತಿದ್ದುದು ಬಣವೆಗೆ ಬೀಳುವ ಬೆಂಕಿ. ಸುಗ್ಗಿ ಮುಗಿದ ಮೇಲೆ ಒಟ್ಟಿದ ಕಣಿಕೆಯೇ ದನಕರುಗಳ ವರ್ಷದ ಹೊಟ್ಟೆಪಾಡು. ಅದು ಹೊತ್ತಿದರೆ ಒಕ್ಕಲಿಗನ ಮನೆಯಲ್ಲಿ ಸಾವಿನಷ್ಟೇ ದುಃಖ. ಬಾವಿಯಿಂದ ಕೊಡ ಸಾಲು ಹಿಡಿಯುತ್ತಿತ್ತು, ತೋಯಿಸಿದ ಕಂಬಳಿ, ಗೋಣಿತಾಟು ಹಿಡಿದು ಗಂಡಸರು ಬಡಿಯುತ್ತಿದ್ದರು, ಪಕ್ಕದ ಬಣವೆಯನ್ನು ಎಳೆದು ದೂರ ಮಾಡುತ್ತಿದ್ದರು. ಸಂಬಳವಿಲ್ಲದ, ಸಮವಸ್ತ್ರವಿಲ್ಲದ ಆ ದಳದಲ್ಲಿ ಊರಿಗೆ ಊರೇ ಸೇರಿತ್ತು.

ಹುಬ್ಬಳ್ಳಿಯ ಮಾತು ಬೇರೆ. ಅದು ವ್ಯಾಪಾರದ ಊರು. ಬಟ್ಟೆ, ಹತ್ತಿ ಕಂಡವರೆಲ್ಲ ಬಂದ ಊರು, ಹಾಗೆಯೇ ಲೂಟಿಗಾರರೂ ಬಂದ ಊರು. 1673ರಲ್ಲಿ ಮರಾಠಾ ಪಡೆ ಅದನ್ನು ಸುಲಿದಾಗ ಇಂಗ್ಲಿಷರ ವಖಾರಿಯೂ ಉಳಿಯಲಿಲ್ಲ. 1727ರಲ್ಲಿ ಸವಣೂರು ನವಾಬ ಮಜೀದ್ ಖಾನನ ಕಾಲಕ್ಕೆ ಬಸಪ್ಪ ಶೆಟ್ಟರು ಹೊಸ ಹುಬ್ಬಳ್ಳಿಯನ್ನೂ ಕೋಟೆಯನ್ನೂ ಕಟ್ಟಿಸಿದರು. ಇಂದಿನ ದುರ್ಗದ ಬೈಲಿನ ಸುತ್ತ ಹಬ್ಬಿದ ಪೇಟೆ ಆ ಹೊಸ ಊರಿನದು. ಓಣಿಗಳು ಎತ್ತಿನ ಗಾಡಿಯ ಅಳತೆಗೆ ಬೆಳೆದವು. ಅಂಗಡಿಗೆ ಅಂಗಡಿ ಹೆಗಲು ಕೊಟ್ಟು ನಿಂತವು, ಕೆಳಗೆ ಮಾಲು, ಮೇಲೆ ಸಂಸಾರ. ಮುಂದೆ ಮೋಟಾರು ಏರಿ ಬಂದ ಬೆಂಕಿ ದಳದವರು ಈ ಓಣಿಗಳ ಬಾಯಲ್ಲೇ ಗಾಡಿ ನಿಲ್ಲಿಸಿ, ಹೋಸನ್ನು ಹೆಗಲ ಮೇಲೆ ಹೊತ್ತು ಓಡಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಗಾಡಿಯವನಿಗೆ ಅನುಕೂಲವಾದ ಪೇಟೆ ಇಪ್ಪತ್ತನೆಯ ಶತಮಾನದ ಅಗ್ನಿಶಾಮಕನಿಗೆ ಕಷ್ಟದ ಪೇಟೆಯಾಯಿತು.

1855ರ ಆಗಸ್ಟ್ 15ರಂದು ಹುಬ್ಬಳ್ಳಿಗೆ, 1856ರ ಜನವರಿ 1ರಂದು ಧಾರವಾಡಕ್ಕೆ ಮುನ್ಸಿಪಾಲಿಟಿ ಬಂತು. ದೀಪ, ರಸ್ತೆ, ಗಟಾರು ಒಂದೊಂದಾಗಿ ಸರಕಾರಿ ಕೆಲಸವಾದವು. 1881ರ ಜನಗಣತಿಯ ಹೊತ್ತಿಗೆ ಹುಬ್ಬಳ್ಳಿಯಲ್ಲಿ 36,677 ಜನ, ಧಾರವಾಡದಲ್ಲಿ 27,191 ಜನ. ಇಷ್ಟು ಜನ ಇಕ್ಕಟ್ಟಿನಲ್ಲಿ ಬಾಳುವಾಗ ಬೆಂಕಿ ಒಬ್ಬರ ಮನೆಯ ಮಾತಾಗಿ ಉಳಿಯುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಅಪಾಯ ಹೊಲದಿಂದ ಬಂತು.

ಅದು ಹತ್ತಿ. 1840ರ ದಶಕದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಬೀಜ ಧಾರವಾಡದ ಎರೆಮಣ್ಣಿಗೆ ಬಿತ್ತು. ಲ್ಯಾಂಕಶೈರಿನ ಗಿರಣಿಗಳು ಅದನ್ನು 'ಧಾರವಾರ್-ಅಮೆರಿಕನ್' ಎಂದು ಹೆಸರಿಟ್ಟು ಕೊಂಡವು. ಮೊದಲಿನಿಂದ ಇದ್ದ ನಾಡ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹೋಗುತ್ತಿದ್ದ ಕಾರಣ ಅದಕ್ಕೆ 'ಕುಮಟಾ' ಎಂದೇ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಲ್ಲಿ ಹತ್ತಿಯ ಬೆಲೆ ಆಕಾಶಕ್ಕೇರಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು, ಹುಬ್ಬಳ್ಳಿಯಲ್ಲಿ ಅದರ ಕಾರ್ಖಾನೆ ಎದ್ದಿತು, ರೈಲು ಮಾರ್ಮಗೋವಾ ಬಂದರನ್ನು ಮುಟ್ಟಿತು. ಹತ್ತಿ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿ, ಅರಳೆಯನ್ನು ಒತ್ತಿ ಅಂಡಿಗೆ ಕಟ್ಟುವ ಉಗಿಯಂತ್ರದ ಪ್ರೆಸ್ಸು, ಕಾರವಾರ ರಸ್ತೆಯ ನೂಲಿನ ಗಿರಣಿ, ಎಲ್ಲವೂ ಊರ ಮೈಗೆ ಅಂಟಿಕೊಂಡೇ ಬೆಳೆದವು. ಆ ಸಂಪತ್ತು ಊರಿಗೆ ಬಂದದ್ದು ಬೆಂಕಿಯ ಭಯವನ್ನೂ ಹೊತ್ತುಕೊಂಡೇ.

ಹತ್ತಿಯ ಬೆಂಕಿ ಹೇಗಿರುತ್ತದೆಂದು ಹತ್ತಿರದಿಂದ ಹೇಳಬೇಕು, ಏಕೆಂದರೆ ಈ ಊರಿನ ಬೆಂಕಿ ಆರಿಸುವವರ ಕಸುಬಿನ ಮುಕ್ಕಾಲು ಪಾಲು ಅದರಲ್ಲಿದೆ. ಜಿನ್ನಿನಲ್ಲಿ ಹತ್ತಿಯ ಜೊತೆ ಒಂದು ಸಣ್ಣ ಕಲ್ಲೋ ಕಬ್ಬಿಣದ ಚೂರೋ ಸೇರಿ ಉರುಳೆಗೆ ಉಜ್ಜಿದರೆ ಕಿಡಿ. ಗಾಳಿಯಲ್ಲಿ ತೇಲುವ, ತೊಲೆಗಳ ಮೇಲೆ ಕೂತ ಹತ್ತಿಯ ಧೂಳಿಗೆ ಅದು ತಗುಲಿದರೆ ಉರಿ ಕಣ್ಣೆವೆ ಇಕ್ಕುವಷ್ಟರಲ್ಲಿ ಇಡೀ ಮನೆಯ ಮೈಮೇಲೆ ಹರಿಯುತ್ತದೆ. ಅದು ಮೇಲಿನ ಉರಿ. ಹೆದರಿಸುತ್ತದೆ, ಬೇಗ ಆರುತ್ತದೆ. ನಿಜವಾದ ಸಂಕಟ ಅಂಡಿಗೆಯೊಳಗೆ ಹೊಕ್ಕ ಕೆಂಡ. ಒತ್ತಿ ಬಿಗಿದ ಅಂಡಿಗೆಯಲ್ಲಿ ಅದು ಹೊಗೆ ಕೂಡ ಕಾಣಿಸದಂತೆ ಒಳಗೊಳಗೇ ಹರಿಯುತ್ತದೆ. ಹಸಿ ಹತ್ತಿಯ ಎಳೆಗೆ ಹುಟ್ಟಿನಿಂದಲೇ ಒಂದು ಮೇಣದ ಲೇಪ ಇರುವುದರಿಂದ ಮೇಲೆ ಸುರಿದ ನೀರು ಒಳಗೆ ಇಳಿಯದೆ ಜಾರಿ ಹೋಗುತ್ತದೆ. ಬೆಂಕಿ ಆರಿತೆಂದು ಜನ ಮನೆಗೆ ಹೋದ ಮೇಲೆ, ಮರುದಿನವೋ ಅದರ ಮರುದಿನವೋ, ಅದೇ ರಾಶಿ ಮತ್ತೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಬಲ್ಲವರು ಅಂಡಿಗೆಗಳನ್ನು ಒಂದೊಂದಾಗಿ ಕೊಕ್ಕೆ ಹಾಕಿ ಬಯಲಿಗೆ ಎಳೆಯುತ್ತಾರೆ, ಕಬ್ಬಿಣದ ಪಟ್ಟಿ ಕತ್ತರಿಸುತ್ತಾರೆ, ಬಿಗಿ ಸಡಿಲಿ ಉಬ್ಬಿದ ಅರಳೆಯನ್ನು ಪದರ ಪದರವಾಗಿ ಬಿಡಿಸಿ ತೋಯಿಸುತ್ತಾರೆ. ನೀರು ಕುಡಿದ ಅರಳೆ ಕಲ್ಲಿನಷ್ಟು ಭಾರ. ಹೊಗೆ ಕಣ್ಣು, ಗಂಟಲು ಕೊರೆಯುತ್ತದೆ. ಒಂದು ಗೋದಾಮು ಪೂರ್ತಿ ತಣ್ಣಗಾಗುವ ಹೊತ್ತಿಗೆ ಹಗಲು ರಾತ್ರಿಗಳು ಕಳೆದಿರುತ್ತವೆ. ಇದನ್ನು ಶೌರ್ಯವೆಂದು ಯಾರೂ ನಿಂತು ನೋಡುವುದಿಲ್ಲ. ಅದು ಹಮಾಲರ ದುಡಿಮೆಗೆ ಸಮನಾದ ದುಡಿಮೆ.

ಇಂಥ ಬೆಂಕಿಗೆ ಬೇಕಾದ ನೀರು ಹುಬ್ಬಳ್ಳಿಯಲ್ಲಿ ಎಲ್ಲಿತ್ತು? ಊರ ಬಾವಿಗಳು ಬೇಸಿಗೆಯಲ್ಲಿ ತಳ ಕಾಣುತ್ತಿದ್ದವು. ಉಣಕಲ್ ಕೆರೆಯ ನೀರು ಪೇಟೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಧಾರವಾಡದ ನೀರಿನ ಯೋಜನೆಗೆ ಮುಂಬಯಿ ಸರಕಾರದ ಸೇವೆಯಲ್ಲಿದ್ದ ಎಂ. ವಿಶ್ವೇಶ್ವರಯ್ಯನವರ ಕೈಯೂ ತಗುಲಿದೆ. ಬೇಡ್ತಿ ಹಳ್ಳಕ್ಕೆ ಅಡ್ಡಲಾಗಿ ನೀರಸಾಗರ ಕಟ್ಟಿದ್ದು 1955ರಲ್ಲಿ. ಮಲಪ್ರಭೆಯ ನೀರು ಸವದತ್ತಿಯಿಂದ ಕೊಳವೆ ಏರಿ ಬಂದದ್ದು ಅದಕ್ಕೂ ಎಷ್ಟೋ ವರ್ಷಗಳ ಮೇಲೆ. ಆಮೇಲೂ ಮನೆಗಳಿಗೆ ನೀರು ದಿನ ಬಿಟ್ಟು ದಿನವಲ್ಲ, ವಾರಕ್ಕೊಮ್ಮೆ ಬಿಡುವ ಪದ್ಧತಿ ಬಹಳ ಕಾಲ ನಡೆಯಿತು. ನಳದಲ್ಲಿ ನೀರು ಬರುವ ದಿನಕ್ಕೆ ಬೆಂಕಿ ಕಾಯುವುದಿಲ್ಲ. ಲಂಡನ್ನಿನಲ್ಲೋ ಮುಂಬಯಿಯಲ್ಲೋ ರಸ್ತೆಯ ಪಕ್ಕದ ಹೈಡ್ರಂಟಿಗೆ ಹೋಸು ಜೋಡಿಸಿ ಆರಿಸುವ ಪದ್ಧತಿ ಈ ಊರಿನಲ್ಲಿ ಆ ಮಟ್ಟಿಗೆ ಬೇರೂರಲೇ ಇಲ್ಲ. ಇಲ್ಲಿಯ ಬೆಂಕಿ ದಳ ತನ್ನ ನೀರನ್ನು ತನ್ನ ಬೆನ್ನ ಮೇಲೆ ಹೊತ್ತೇ ಹೋಗಬೇಕಾಯಿತು.

ಕಾಯಿದೆಯಾದರೋ ಬಹಳ ಮುಂಚೆಯೇ ಬಂದಿತ್ತು. 1901ರ ಮುಂಬಯಿ ಜಿಲ್ಲಾ ಮುನ್ಸಿಪಲ್ ಕಾಯಿದೆ ಪಟ್ಟಣಸಭೆಗಳ ಕಡ್ಡಾಯ ಕರ್ತವ್ಯಗಳನ್ನು ಹೆಸರಿಸುವಾಗ ದೀಪ ಹಚ್ಚುವುದು, ರಸ್ತೆ ಗುಡಿಸುವುದರ ಸಾಲಿನಲ್ಲೇ ಬೆಂಕಿ ಆರಿಸುವುದನ್ನೂ ಬೆಂಕಿ ಬಿದ್ದಾಗ ಪ್ರಾಣ, ಸೊತ್ತು ಕಾಪಾಡುವುದನ್ನೂ ಇಟ್ಟಿತು. 1925ರ ಬರೋ ಕಾಯಿದೆಯೂ ಅದನ್ನೇ ಮುಂದುವರಿಸಿತು. ಇದು ಸಣ್ಣ ಸಂಗತಿಯಲ್ಲ. ಅಲ್ಲಿಯವರೆಗೆ ನೆರೆಹೊರೆಯ ಋಣವಾಗಿದ್ದದ್ದು ಅಂದಿನಿಂದ ತೆರಿಗೆ ಕೊಟ್ಟವನ ಹಕ್ಕಾಯಿತು. ಆದರೆ ಪಟ್ಟಣಸಭೆಯ ಬೊಕ್ಕಸದಲ್ಲಿ ನೀರಿಗೇ ದುಡ್ಡಿಲ್ಲದಿರುವಾಗ ಬೆಂಕಿಗೆ ಎಲ್ಲಿಂದ ಬರಬೇಕು? ಆ ಕಾಲದ ಊರುಗಳ ಕೈಗೆ ಎಟಕುತ್ತಿದ್ದ ಸಾಧನ ಕೈಪಂಪು. ಎರಡೂ ಬದಿಗೆ ಗಂಡಾಳುಗಳು ನಿಂತು ಉದ್ದನೆಯ ಹಿಡಿಯನ್ನು ಏರಿಸಿ ಇಳಿಸಬೇಕು, ತೊಟ್ಟಿಗೆ ಬಕೆಟ್ಟಿನಿಂದ ನೀರು ಸುರಿಯುತ್ತಲೇ ಇರಬೇಕು. ತೋಳು ಸೋತರೆ ಧಾರೆಯೂ ಸೋಲುತ್ತದೆ. ಅದಕ್ಕೂ ಮುಂಚೆ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಹುಬ್ಬಳ್ಳಿಯನ್ನು ಹಿಂಡಿದಾಗ ಜನ ಮನೆ ಬಿಟ್ಟು ಊರ ಹೊರಗೆ ಹುಲ್ಲು, ಚಾಪೆಗಳ ಗುಡಿಸಲು ಹಾಕಿಕೊಂಡು ಬದುಕಿದ್ದರು. ರೋಗದ ಜೊತೆಗೆ ಒಲೆಯ ಕಿಡಿಯನ್ನೂ ಕಾಯುತ್ತ ಕಳೆದ ಆ ರಾತ್ರಿಗಳಲ್ಲಿ ಅವರ ಕಾವಲಿಗೆ ಅವರೇ ಇದ್ದರು.

ದೇಶದ ಅಗ್ನಿಶಾಮಕ ಚರಿತ್ರೆಯನ್ನೇ ತಿರುಗಿಸಿದ ದಿನ 1944ರ ಏಪ್ರಿಲ್ 14. ಹುಬ್ಬಳ್ಳಿ-ಧಾರವಾಡ ಆಗ ಮುಂಬಯಿ ಪ್ರಾಂತದ ಊರುಗಳು. ಹತ್ತಿಯ ದರ ಮುಂಬಯಿಯಲ್ಲಿ ಕುದುರುತ್ತಿತ್ತು, ದುಡಿಮೆ ಹುಡುಕಿ ಹೊರಟವರ ದಾರಿಯೂ ಮುಂಬಯಿಗೇ ಇತ್ತು. ಅಲ್ಲಿಯ ವಿಕ್ಟೋರಿಯಾ ಹಡಗುಕಟ್ಟೆಯಲ್ಲಿ ಎರಡು ದಿನದ ಹಿಂದೆ ಬಂದು ನಿಂತಿದ್ದ ಎಸ್.ಎಸ್. ಫೋರ್ಟ್ ಸ್ಟಿಕೀನ್ ಹಡಗಿನೊಳಗೆ ಸುಮಾರು 1,400 ಟನ್ ಸ್ಫೋಟಕ, ಕರಾಚಿಯಲ್ಲಿ ಹೇರಿದ 8,700 ಹತ್ತಿ ಅಂಡಿಗೆ, ಚಿನ್ನದ ಗಟ್ಟಿಗಳು ಒಟ್ಟಿಗಿದ್ದವು. ಮಧ್ಯಾಹ್ನ ಹತ್ತಿಯಿದ್ದ ಅಂಕಣದಿಂದ ಹೊಗೆ ಎದ್ದಿತು. ಮುಂಬಯಿ ಫಾಯರ್ ಬ್ರಿಗೇಡಿನವರು ಬಂದರು, 900 ಟನ್ನಿಗೂ ಮಿಕ್ಕಿ ನೀರು ಸುರಿದರು. ಅಂಡಿಗೆಯೊಳಗಿನ ಬೆಂಕಿ ತನ್ನ ಗುಣ ಬಿಡಲಿಲ್ಲ. ಕೆಂಡದ ನೆಲೆ ಎಲ್ಲಿದೆಯೆಂದು ಹೊಗೆಯಲ್ಲಿ ಕಾಣಲಿಲ್ಲ, ಕಾವು ಮಾತ್ರ ಏರುತ್ತ ಹೋಯಿತು. ಸಂಜೆ 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಎರಡನೆಯದು. ಹೋಸು ಹಿಡಿದು ನಿಂತಿದ್ದ 66 ಅಗ್ನಿಶಾಮಕರು ಅಲ್ಲಿಯೇ ಸತ್ತರು. ಬಂದರಿನ ಸುತ್ತ ಸತ್ತ ಜನರ ಲೆಕ್ಕ ನೂರುಗಳಲ್ಲಿತ್ತು.

ಯುದ್ಧಕಾಲದ ಸೆನ್ಸಾರ್ ಕತ್ತರಿಯಿಂದಾಗಿ ಈ ಸುದ್ದಿ ಇಲ್ಲಿಯ ಪತ್ರಿಕೆಗಳಿಗೆ ಆಗಲೇ ಬರಲಿಲ್ಲ. ಜಪಾನಿಯರ ಹಿಡಿತದಲ್ಲಿದ್ದ ಸೈಗಾನ್ ರೇಡಿಯೊ ಮರುದಿನವೇ ಜಗತ್ತಿಗೆ ಸಾರಿತು, ಆದರೆ ವರದಿ ಕಳಿಸಲು ಬ್ರಿಟಿಷ್ ಸರಕಾರ ಒಪ್ಪಿದ್ದು ಮೇ ತಿಂಗಳ ಎರಡನೆಯ ವಾರದಲ್ಲಿ. ಮುಂಬಯಿಯಲ್ಲಿ ಮಗನನ್ನೋ ಅಣ್ಣನನ್ನೋ ಬಿಟ್ಟಿದ್ದ ಇಲ್ಲಿಯ ಮನೆಗಳಿಗೆ ಆ ನಡುವಿನ ದಿನಗಳು ಹೇಗೆ ಕಳೆದಿರಬೇಕೆಂದು ನೆನೆದರೆ ಎದೆ ಭಾರವಾಗುತ್ತದೆ. ಸ್ವತಂತ್ರ ಭಾರತ ಆ 66 ಮಂದಿಯ ನೆನಪಿಗೆ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವನ್ನಾಗಿ ಮಾಡಿತು, ಅಂದಿನಿಂದ 20ರವರೆಗೆ ಸಪ್ತಾಹ. ಪ್ರತಿ ವರ್ಷ ಹುಬ್ಬಳ್ಳಿಯ, ಧಾರವಾಡದ ಠಾಣೆಗಳಲ್ಲೂ ಆ ದಿನ ಗೌರವ ಸಲ್ಲುತ್ತದೆ. ಹತ್ತಿಯ ಬೆಂಕಿ ಬಲ್ಲ ಊರಿನಲ್ಲಿ ಆ ಗೌರವಕ್ಕೆ ಇರುವ ಅರ್ಥ ಉಳಿದ ಕಡೆಗಿಂತ ಒಂದು ತೂಕ ಹೆಚ್ಚು ಎಂದು ನಾನು ನಂಬಿದ್ದೇನೆ.

1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. 1962ರಲ್ಲಿ ಇಪ್ಪತ್ತು ಕಿಲೋಮೀಟರ್ ಅಂತರದ ಎರಡು ಊರುಗಳು ಒಂದೇ ಮಹಾನಗರಪಾಲಿಕೆಯಾದವು. ಅತ್ತ ಬೆಂಗಳೂರಿನಲ್ಲಿ 1942ರಲ್ಲಿ ಎರಡು ಠಾಣೆಗಳಿಂದ ಶುರುವಾದ ಅಗ್ನಿಶಾಮಕ ವ್ಯವಸ್ಥೆ ಬೆಳೆದಿತ್ತು. 1964ರಲ್ಲಿ ಮೈಸೂರು ಅಗ್ನಿಶಾಮಕ ದಳ ಕಾಯಿದೆ ಬಂತು, ಮರುವರ್ಷ ನವೆಂಬರಿನಲ್ಲಿ ರಾಜ್ಯಕ್ಕೆ ಪ್ರತ್ಯೇಕ ಇಲಾಖೆ ಬಂತು. ಬೆಂಕಿ ಆರಿಸುವ ಹೊಣೆ ಪಟ್ಟಣಸಭೆಯ ಕೈಯಿಂದ ರಾಜ್ಯದ ಕೈಗೆ ಹೋಯಿತು. ಊರಿನ ದುಡ್ಡಿನ ಮೇಲೆ ಊರಿನ ರಕ್ಷಣೆ ನಿಲ್ಲಬಾರದೆಂಬ ಈ ತೀರ್ಮಾನ ನನಗೆ ಆ ದಶಕದ ದೊಡ್ಡ ಕೆಲಸಗಳಲ್ಲಿ ಒಂದಾಗಿ ಕಾಣುತ್ತದೆ. ಬೆಂಕಿಯ ಸಮಯದಲ್ಲಿ ದಳದವರು ರಸ್ತೆ ಮುಚ್ಚಬಹುದು, ಅಡ್ಡ ನಿಂತವರನ್ನು ಸರಿಸಬಹುದು, ಬಾಗಿಲು ಒಡೆದು ಹೋಗಬಹುದು, ಯಾರದೇ ಬಾವಿ, ಕೆರೆ, ತೊಟ್ಟಿಯ ನೀರನ್ನು ಎತ್ತಬಹುದು ಎಂಬ ಅಧಿಕಾರ ಸಿಕ್ಕಿತು. ಬಾವಿಯ ನೀರಿನ ಅಧಿಕಾರ ಬೇರೆ ಊರಲ್ಲಿ ಕಾಗದದ ಮಾತಾಗಿರಬಹುದು, ಹುಬ್ಬಳ್ಳಿಯಲ್ಲಿ ಅದು ಬದುಕಿನ ಮಾತು.

ಇಲಾಖೆಯೊಂದಿಗೆ ಒಂದು ಹೊಸ ಬಗೆಯ ನೌಕರನೂ ಬಂದ. ಠಾಣಾಧಿಕಾರಿ, ಪ್ರಮುಖ ಅಗ್ನಿಶಾಮಕ, ಚಾಲಕ, ಅಗ್ನಿಶಾಮಕ. ಬೆಳಗಿನ ಪರೇಡು, ಡ್ರಿಲ್ಲು, ಪಂಪು ಚಾಲೂ ಮಾಡಿ ನೋಡುವುದು, ಏಣಿಯ ಹಗ್ಗ, ರಾಟೆ ತಪಾಸಣೆ. ಕರೆ ಬಂದರೆ ನಿಮಿಷದೊಳಗೆ ಗಾಡಿ ಗೇಟು ದಾಟಬೇಕು. ಹೋಸಿನ ಒಂದು ಉದ್ದ 15 ಮೀಟರ್, ಎರಡೂ ತುದಿಗೆ ಲೋಹದ ಜೋಡಣೆ. ಕತ್ತಲಲ್ಲಿ, ಹೊಗೆಯಲ್ಲಿ, ಬರಿ ಕೈಯ ಸ್ಪರ್ಶದಿಂದ ಗಂಡು ಯಾವುದು ಹೆಣ್ಣು ಯಾವುದೆಂದು ಗುರುತಿಸಿ ಟಕ್ಕೆಂದು ಕೂಡಿಸುವುದು ಹೊಸಬನ ಮೊದಲ ಪಾಠ. ಬೆಂಕಿಯಿಂದ ಮರಳಿದ ಮೇಲೂ ಕೆಲಸ ಮುಗಿಯದು. ಕ್ಯಾನ್ವಾಸಿನ ಹೋಸನ್ನು ತೊಳೆದು, ಎತ್ತರಕ್ಕೆ ತೂಗುಹಾಕಿ ಒಣಗಿಸದಿದ್ದರೆ ಬೂಷ್ಟು ಹಿಡಿದು ಮುಂದಿನ ಬೆಂಕಿಯಲ್ಲಿ ಒಡೆಯುತ್ತದೆ. ನಾಲ್ಕೂವರೆ ಸಾವಿರ ಲೀಟರಿನ ಜಲವಾಹನ ನೋಡಲು ಆನೆಯಷ್ಟು, ಆದರೆ ನಿಮಿಷಕ್ಕೆ 450 ಲೀಟರಿನ ಒಂದೇ ಧಾರೆ ಬಿಟ್ಟರೂ ಅದು ಹತ್ತು ನಿಮಿಷಕ್ಕೆ ಬರಿದು. ಆ ಹತ್ತು ನಿಮಿಷದೊಳಗೆ ಬೆಂಕಿಯ ಬುಡ ಹುಡುಕಬೇಕು, ಎರಡನೆಯ ಗಾಡಿ ಎಲ್ಲಿ ತುಂಬಿಕೊಳ್ಳಬೇಕೆಂದು ಚಾಲಕನಿಗೆ ಗೊತ್ತಿರಬೇಕು. ಊರಿನ ಯಾವ ಬಾವಿಯಲ್ಲಿ ಏಪ್ರಿಲಿನಲ್ಲೂ ನೀರಿದೆ ಎನ್ನುವುದು ನಕ್ಷೆಯಲ್ಲಿ ಸಿಗುವ ಜ್ಞಾನವಲ್ಲ, ಹಳಬರ ತಲೆಯಲ್ಲಿ ಇರುವ ಜ್ಞಾನ.

ಕರೆಗಳು ಊರಿನ ಜೊತೆ ಬದಲಾದವು. ಹತ್ತಿ ಗಿರಣಿಗಳು ಬಾಗಿಲು ಹಾಕಿದವು. ಅವುಗಳಲ್ಲಿ ಒಂದಾದ ಭಾರತ ಮಿಲ್ಲಿನ ಹೆಸರು ಕಾರವಾರ ರಸ್ತೆಯ ಸರ್ಕಲ್ಲಿಗೆ ಅಂಟಿ ಉಳಿಯಿತು. ಗೋಕುಲ ರಸ್ತೆಯಲ್ಲಿ, ತಾರಿಹಾಳದಲ್ಲಿ, ಧಾರವಾಡದ ಬೇಲೂರಿನಲ್ಲಿ ಕೈಗಾರಿಕೆ ಎದ್ದು ಎಣ್ಣೆ, ಪ್ಲಾಸ್ಟಿಕ್ಕು, ರಾಸಾಯನಿಕದ ಬೆಂಕಿಗಳು ಬಂದವು. ನೀರು ಹಾಕಿದರೆ ಆರುವ ಬೆಂಕಿ, ನೀರು ಹಾಕಿದರೆ ಹರಡುವ ಬೆಂಕಿ ಎಂಬ ಭೇದ ಕಲಿಯಬೇಕಾಯಿತು, ನೊರೆಯ ಬಳಕೆ ಬಂತು. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ, ಅದರಲ್ಲೂ ಹೆಚ್ಚಾಗಿ ಮಕ್ಕಳು, ಸತ್ತ ಮೇಲೆ ಆರಿಸುವುದಕ್ಕಿಂತ ಮುಂಚೆ ತಡೆಯುವ ಮಾತು ರಾಜ್ಯದಲ್ಲಿ ಗಟ್ಟಿಯಾಗಿ ಕೇಳಿಸಿತು. ಹಳ್ಳಿಗಳಿಂದ ಮಾತ್ರ ಬೇಸಿಗೆಯ ಕರೆ ಬದಲಾಗಲಿಲ್ಲ. ಬಣವೆಗೆ ಬೆಂಕಿ, ಬಾವಿಗೆ ಬಿದ್ದ ಆಕಳು. ಆಕಳ ಹೊಟ್ಟೆಗೆ ಹಗ್ಗ ಸುತ್ತಿ ಮೇಲೆತ್ತಿದ ಅಗ್ನಿಶಾಮಕನಿಗೆ ಆ ಮನೆಯ ಮುದುಕಿ ಕೈ ಮುಗಿಯುವುದು ಈ ಸೀಮೆಯಲ್ಲಿ ಇಂದಿಗೂ ನಡೆಯುತ್ತದೆ.

2019 ಈ ಅಗ್ನಿಶಾಮಕರ ಮೇಲೆ ಎರಡು ಸಲ ಎರಗಿತು. ಮಾರ್ಚ್ 19ರ ಮಧ್ಯಾಹ್ನ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿಯಿತು. ಬೆಂಕಿಯಿಲ್ಲದ, ಹೊಗೆಯಿಲ್ಲದ ಅನಾಹುತ, ಆದರೂ ಮೊದಲು ಓಡಿದ ಸಮವಸ್ತ್ರಗಳಲ್ಲಿ ಅಗ್ನಿಶಾಮಕರದೂ ಇತ್ತು. ಆಮೇಲೆ ರಾಜ್ಯದ, ಕೇಂದ್ರದ ವಿಪತ್ತು ಪಡೆಗಳು ಕೂಡಿಕೊಂಡವು. ಯಂತ್ರ ಹಾಕಿದರೆ ಒಳಗಿದ್ದವರ ಮೇಲೆ ಚಪ್ಪಡಿ ಕೂರುತ್ತದೆ, ಹಾಕದಿದ್ದರೆ ಹೊತ್ತು ಮೀರುತ್ತದೆ. ಕಾಂಕ್ರೀಟಿಗೆ ಕಿಂಡಿ ಕೊರೆದು, ಯಂತ್ರಗಳನ್ನು ನಿಲ್ಲಿಸಿ ಮೌನದಲ್ಲಿ ಕಿವಿಗೊಟ್ಟು, ಉಸಿರಾಟದ ಸದ್ದು ಹುಡುಕಿ, ಮೂರು ದಿನ ಕಳೆದ ಮೇಲೂ ಜೀವಂತ ಜನರನ್ನು ಹೊರತೆಗೆದರು. 19 ಜನ ಉಳಿಯಲಿಲ್ಲ.

ಅದೇ ವರ್ಷದ ಆಗಸ್ಟಿನಲ್ಲಿ ಮಳೆ ಬಿಡದೆ ಹೊಡೆದು ಬೆಣ್ಣೆಹಳ್ಳ, ತುಪ್ಪರಿಹಳ್ಳ ಉಕ್ಕಿ ಹರಿದವು. ನವಲಗುಂದದ ಕಡೆಯ ಎರೆಹೊಲಗಳು ಕೆರೆಗಳಾದವು, ದಾರಿಗಳು ತುಂಡಾದವು. ಬೇಸಿಗೆಯಲ್ಲಿ ಬಾವಿಯ ತಳ ಹುಡುಕಿ ಅಲೆಯುವ ಇಲಾಖೆಗೆ ಆಗ ಹಗ್ಗ, ಲೈಫ್ ಜಾಕೆಟ್ಟು, ದೋಣಿಯ ಕೆಲಸ ಬಂತು. ನೀರಿನ ನಡುವೆ ಸಿಕ್ಕಿಕೊಂಡವರ ಕರೆಗಳು ಠಾಣೆಗಳಿಗೆ ಬರತೊಡಗಿದವು, ಹೋಸು ಹಿಡಿಯುತ್ತಿದ್ದ ಕೈಗಳು ಹುಟ್ಟು ಹಿಡಿದವು.